ಹಾಡು ಕೇಳಿದರೆ ಬಕೆಟ್ ಹಿಡಿಯುವ ಬೀದಿ

ಸ್ನೇಹಿತರೇ, ಇಂದು ಬೆಳಿಗ್ಗೆ ಸೊರಬದಲ್ಲಿ ನಮ್ಮ ಬೀದಿಯವರೆಲ್ಲ ಸೇರಿ ಒಬ್ಬ ಪಾಪ್ ಗಾಯಕಿಯನ್ನು ಕಸದ ಬಕೆಟ್ ಹಿಡಿದು ಸ್ವಾಗತಿಸಿದೆವು.

ಶಿಕಾರಿಪುರದ ಹುಡುಗಿ ಪೂರ್ವಿಕಾಳ ಮೊದಲ ಆಲ್ಬಂ ಇಂದು ಬಿಡುಗಡೆಯಾಗಿದೆ. ಗೂಡ್ಸ್ ಆಟೊಗೆ ಬ್ಯಾನರ್, ಸ್ಪೀಕರ್ ಕಟ್ಟಿ, ತನ್ನದೇ ಹಾಡು ಹಾಕಿಕೊಂಡು ಪ್ರಚಾರಕ್ಕೆ ಬಂದಿದ್ದಳು. ಮನೆಮನೆಯಿಂದ ಜನ ಓಡಿ ಬರುವುದನ್ನು ಕಂಡು ಅವಳ ಮುಖ ಅರಳಿತು. ಅಷ್ಟರಲ್ಲಿ ಎದುರುಮನೆಯ ಗಿರಿಜಕ್ಕ ಆಟೊದೊಳಗೆ ಸುರಿಯಲು ಬಕೆಟ್ ಎತ್ತಿದರು.

“ಆಂಟಿ, ಸುರೀಬೇಡ್ರಿ! ಇದು ನನ್ನ ಆಲ್ಬಂ ಪ್ರಚಾರದ ಗಾಡಿ.”

“ಬೆಳಿಗ್ಗೆ ಹಾಡು ಹಾಕ್ಕಂಡು ಬರಾದು ಕಸದ ಗಾಡಿ ಒಂದೇ ಕಣಮ್ಮ. ನಮಗೇನು ಗೊತ್ತಾಗ್ತದೆ?”

ಹುಡುಗಿ ಹಾಡು ನಿಲ್ಲಿಸಿದಳು. “ನನ್ನ ಹಾಡು ಕೇಳಕ್ಕೆ ಬಂದ್ರಿ ಅಂದ್ಕೊಂಡೆ” ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಗಿರಿಜಕ್ಕ ಬಕೆಟ್ ಕೆಳಗಿಟ್ಟರು. “ಅಳಬ್ಯಾಡ ತಂಗಿ. ಹೆಂಗೂ ಬಂದಾಗಿದೆ. ಮೊದ್ಲಿಂದ ಹಾಕು, ಕೇಳಣ.”

ಬಕೆಟ್‌ಗಳನ್ನು ಪಕ್ಕಕ್ಕಿಟ್ಟು ಇಡೀ ಬೀದಿ ನಿಂತು ಹಾಡು ಕೇಳಿತು. ಆಕೆ ಮೈಕ್ ಹಿಡಿದು ಜೊತೆಗೇ ಹಾಡಿದಳು. ಕಂಠ ಚೆನ್ನಾಗಿದೆ, ಮುಲಾಜಿಗೆ ಬರೆಯುತ್ತಿಲ್ಲ. ಚಪ್ಪಾಳೆಯೂ ಬಿತ್ತು. “ಮತ್ತೆ ಬಾರಮ್ಮ” ಎಂದು ಗಿರಿಜಕ್ಕ ಕಳಿಸಿಕೊಟ್ಟರು.

ಬಕೆಟ್‌ಗಳನ್ನು ಮನೆಯೊಳಗಿಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಹಾಡು ಕೇಳಿಸಿತು. ಅವಳೇ ತಿರುಗಿ ಬಂದಳೆಂದು ನಾವೆಲ್ಲ ಬರಿಗೈಯಲ್ಲಿ ಓಡಿ ಬಂದು ಕೈಬೀಸಿದೆವು. ಬಂದದ್ದು ಕಸದ ಗಾಡಿ. ಯಾರ ಕೈಯಲ್ಲೂ ಬಕೆಟ್ ಕಾಣದೆ, ಡ್ರೈವರ್ ತಾನೂ ನಗುತ್ತಾ ಕೈಬೀಸಿ ಮುಂದಿನ ಬೀದಿಗೆ ಹೋದ.