ಅತ್ತೆಯ ಮುತ್ತಜ್ಜಿಯ ಕಲ್ಲು

ಬ್ರಿಸ್ಬೇನಿನಲ್ಲಿರುವ ನನ್ನ ಅತ್ತೆ, ಆಸ್ಟ್ರೇಲಿಯದವನಾದ ನನ್ನ ಗಂಡನ ತಾಯಿ, ತಮ್ಮ ಮುತ್ತಜ್ಜಿಯ ಸಮಾಧಿಯನ್ನು ಹುಡುಕಲು ಶುರುಮಾಡಿ ಹತ್ತು ವರ್ಷದ ಮೇಲಾಗಿತ್ತು. ಆ ಮುತ್ತಜ್ಜಿ ಜರ್ಮನಿಯಿಂದ ಗಂಡನೊಡನೆ ಹಡಗು ಹತ್ತಿ ಅಡಿಲೇಡಿಗೆ ಬಂದವಳು. ಗಂಡ ಬೇಗ ತೀರಿಕೊಂಡ. ಆಕೆ ಒಬ್ಬಳೇ ನಾಲ್ಕು ಮಕ್ಕಳನ್ನು ಸಾಕಿದಳು. ಹೇಗೆ ಸಾಕಿದಳೆಂಬುದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಅಡಿಲೇಡಿನ ಹೊರಗಿನ ಒಂದು ಹಳೆಯ ಚರ್ಚಿನಿಂದ ಅತ್ತೆಗೆ ಉತ್ತರ ಬಂತು. ಮುತ್ತಜ್ಜಿಯನ್ನು ಹೂಳಿದ ಸಾಲು ತಿಳಿದಿದೆ, ಆದರೆ ಆ ಸಾಲಿನ ಕಲ್ಲುಗಳೆಲ್ಲ ಸವೆದುಹೋಗಿವೆ, ಓದಲಾಗುವುದಿಲ್ಲ ಎಂದು ಬರೆದಿದ್ದರು. ಆದರೂ ಅತ್ತೆ, ನಾನು, ನನ್ನ ಮಗಳು ಹೊರಟೆವು.

ಚರ್ಚಿನ ಸ್ಮಶಾನ ನೋಡಿಕೊಳ್ಳುವ ಹಿರಿಯರೊಬ್ಬರು ನಮ್ಮನ್ನು ಆ ಸಾಲಿಗೆ ಕರೆದೊಯ್ದರು. ಏಳು ಕಲ್ಲು, ಏಳೂ ಬೋಳು. ಅತ್ತೆ ಒಂದೊಂದನ್ನೂ ಬೆರಳಿನಿಂದ ಸವರಿ, ಕೊನೆಗೆ ಹುಲ್ಲಿನ ಮೇಲೆ ಕುಳಿತುಬಿಟ್ಟರು.

ನಮ್ಮಪ್ಪ ಮಂಗಳೂರಿನಲ್ಲಿ ಸಮಾಧಿಕಲ್ಲು ಕೆತ್ತುತ್ತಿದ್ದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಕೆತ್ತಿದ ಇಂಗ್ಲಿಷ್ ಅಕ್ಷರ ಒಂದೂ ತಪ್ಪುತ್ತಿರಲಿಲ್ಲ. ಸವೆದ ಕಲ್ಲನ್ನು ಉಜ್ಜಬಾರದು, ಅದರ ಮೇಲೆ ಬೆಳಕನ್ನು ಓರೆಯಾಗಿ ಬಿಡಬೇಕು, ಆಗ ಗೆರೆಯ ನೆರಳು ಕಾಣುತ್ತದೆ ಎನ್ನುತ್ತಿದ್ದರು. ಮಧ್ಯಾಹ್ನ ಕಳೆದಿತ್ತು, ಕಲ್ಲುಗಳ ಮುಖ ಪೂರ್ವಕ್ಕೆ, ನೆರಳಿನಲ್ಲಿತ್ತು. ನಾನು ಆ ಹಿರಿಯರನ್ನು ಕೇಳಿ ಚರ್ಚಿನ ಕೈತೊಳೆಯುವ ಕೋಣೆಯ ಕನ್ನಡಿ ಬಿಚ್ಚಿಸಿಕೊಂಡು ಬಂದೆ.

"ಬಿಸಿಲು ಬೀಳೋ ಕಡೆ ನಿಂತ್ಕೊಂಡು ಹಿಡಿ, ಇನ್ನೂ ಸ್ವಲ್ಪ ಓರೆ ಮಾಡು," ಎಂದು ಮಗಳಿಗೆ ಹೇಳಿದೆ.

ನಾಲ್ಕನೆಯ ಕಲ್ಲಿನಲ್ಲಿ ಗೆರೆಗಳು ಮೇಲೆದ್ದವು.

"ಅಮ್ಮಾ, ಐ ಕ್ಯಾನ್ ಸೀ ಇಟ್," ಎಂದಳು ಮಗಳು.

ಹಳೆಯ ಜರ್ಮನ್ ಅಕ್ಷರಗಳು, ನನಗೆ ಒಂದೂ ಗೊತ್ತಿಲ್ಲ. ಹಿರಿಯರಿಗೆ ಅವು ಗೊತ್ತು, ಆದರೆ ಅಷ್ಟು ಮಸುಕಾದ ಗೆರೆ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಅಪ್ಪನ ಹಾಗೆಯೇ ಆಕಾರ ನೋಡಿ ನೋಡಿ ಹಾಳೆಯ ಮೇಲೆ ಬರೆದುಕೊಂಡೆ. ಒಂದು ಗಂಟೆಯಾದರೂ ಹಿಡಿದಿರಬೇಕು. ಹಿರಿಯರು ಹಾಳೆ ತೆಗೆದುಕೊಂಡು ಮೊದಲು ಹೆಸರು ಓದಿದರು. ಅತ್ತೆ ತಲೆಯಾಡಿಸಿದರು, ಅದೇ ಹೆಸರು. ಅದರ ಕೆಳಗಿನ ಸಾಲಿಗೆ ಬಂದಾಗ ಹಿರಿಯರು ಕನ್ನಡಕ ಸರಿಮಾಡಿಕೊಂಡರು. ಆಕೆ ಈ ಊರಿನ ಸೂಲಗಿತ್ತಿ, ಇಲ್ಲಿನ ತಾಯಂದಿರೇ ಸೇರಿ ಈ ಕಲ್ಲು ನಿಲ್ಲಿಸಿದ್ದಾರೆ ಎಂದರು.

ಅತ್ತೆ ಪರ್ತ್‌ನಲ್ಲಿರುವ ನನ್ನ ನಾದಿನಿಗೆ ಅಲ್ಲಿಂದಲೇ ಫೋನ್ ಮಾಡಿ, ಆ ನಾಲ್ಕು ಮಕ್ಕಳು ಯಾರ ದುಡಿಮೆಯಲ್ಲಿ ಬೆಳೆದರೆಂದು ಹೇಳುತ್ತಾ ಅತ್ತರು.

ಮರುದಿನ ಭಾನುವಾರ. ಅದೇ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಅತ್ತೆ ಸಭೆಯ ಮುಂದೆ ಮುತ್ತಜ್ಜಿಯ ವಿಷಯ ಹೇಳಿದರು. ಕಲ್ಲು ಓದಿದ್ದು ತಮ್ಮ ಸೊಸೆ, ಮಂಗಳೂರಿನ ಕಲ್ಲುಕೆತ್ತುವವರ ಮಗಳು ಎಂದು ಹೇಳಿ ನನ್ನನ್ನು ಎದ್ದು ನಿಲ್ಲಲು ಕರೆದರು. ಶಾಲೆಯಲ್ಲಿ ಅಪ್ಪನ ಕೆಲಸ ಹೇಳಲು ನಾಚುತ್ತಿದ್ದವಳು ನಾನು. ಅಂದು ಎದ್ದು, ಎಲ್ಲರ ಕಡೆಗೂ ತಿರುಗಿ, ನೆಟ್ಟಗೆ ನಿಂತುಕೊಂಡೆ.