ಬೇರೆ ಯಾರನ್ನಾದರೂ ಕಳಿಸು

ನಾನು ತೊದಲುತ್ತೇನೆ. ಮನಸ್ಸಿನೊಳಗೆ ಮಹಾ ಬಾಯಿಬಡುಕಿ, ಅಲ್ಲಿ ಯಾರನ್ನೂ ಬಿಡುವುದಿಲ್ಲ. ಹೊರಗೆ ಬರುವ ಹೊತ್ತಿಗೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮೈಸೂರಿನಲ್ಲಿ ನಮ್ಮಮ್ಮ ಬಜೆ ತೇಯ್ದು, ಜೇನುತುಪ್ಪದಲ್ಲಿ ಕಲಸಿ, ವರ್ಷಗಟ್ಟಲೆ ನೆಕ್ಕಿಸಿದರು. ಶಾರದೆಗೆ ಹರಕೆ ಹೊತ್ತರು. ಜಪ್ಪಯ್ಯ ಅಂದರೂ ನಾಲಿಗೆ ಸರಿಹೋಗಲಿಲ್ಲ.

ಡಾಕ್ಟರಾದ ಮೇಲೆ ರೇಡಿಯಾಲಜಿ ಆರಿಸಿಕೊಂಡದ್ದು ಅದಕ್ಕೇ. ನ್ಯೂಜೆರ್ಸಿಯ ಒಂದು ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಕೂತು ಜನರ ಎದೆ, ಹೊಟ್ಟೆ, ತಲೆಗಳ ಸ್ಕ್ಯಾನ್ ನೋಡುತ್ತೇನೆ. ಮಿಕ್ಕವರು ರಿಪೋರ್ಟನ್ನು ಮೈಕಿನಲ್ಲಿ ಹೇಳಿ ಬರೆಸುತ್ತಾರೆ, ನಾನು ಟೈಪ್ ಮಾಡುತ್ತೇನೆ. ರೋಗಿಯ ಮುಖ ನೋಡಿ ಹೇಳುವ ಸಂಕಟ ಬೇರೆ ಡಾಕ್ಟರದ್ದು. ಇಷ್ಟು ವರ್ಷ ಹೀಗೇ ಬಚಾವಾಗಿದ್ದೆ. ಐವತ್ತು ದಾಟಿದ ಮೇಲೆ ಮಾತ್ರ ಒಂದು ಕೊರಗು ಹತ್ತಿಕೊಂಡಿತು. ದೇವರು ನನ್ನನ್ನು ಹುಟ್ಟಿಸಿದ್ದು ಬರೀ ಬಚಾವಾಗುವುದಕ್ಕಾ?

ನಾವಿರುವ ಪಾರ್ಸಿಪನಿ ಊರಿನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿ ಒಬ್ಬ ಯಹೂದಿ ಹೆಂಗಸು ಇದ್ದರು. ಎಂಬತ್ತರ ಹತ್ತಿರದ ವಯಸ್ಸು, ಹೈಸ್ಕೂಲ್ ಟೀಚರಾಗಿ ರಿಟೈರ್ ಆದವರು. ನಾನು ಅಭ್ಯಾಸಬಲದಿಂದ ಆಂಟಿ ಅನ್ನುತ್ತಿದ್ದೆ. ತಮ್ಮ ಶಾಸ್ತ್ರಗ್ರಂಥವನ್ನು ಇಬ್ಬರು ಎದುರುಬದುರು ಕೂತು ಜೋರಾಗಿ ಓದಿ ಚರ್ಚೆ ಮಾಡುವುದು ಅವರಲ್ಲಿ ಹಳೆಯ ಪದ್ಧತಿ. ಮದುವೆಯಾದಾಗಿನಿಂದ ಗಂಡನೇ ಅವರ ಜೋಡಿ. ಗಂಡ ಹೋದರು, ಇವರ ಕಣ್ಣೂ ಮಂಜಾಯಿತು. ಶನಿವಾರ ಅವರ ಸಬ್ಬತ್, ಯಾವ ಕೆಲಸವನ್ನೂ ಮಾಡಬಾರದ ದೇವರ ದಿನ, ಕಾರು ಹತ್ತುವ ಹಾಗಿಲ್ಲ. ನಡೆದು ಬರುವಷ್ಟು ಹತ್ತಿರದಲ್ಲಿ ಇದ್ದವಳು ನಾನೊಬ್ಬಳೇ. ಇಂಗ್ಲಿಷ್ ಅನುವಾದ ಓದಿ ಹೇಳು ಬಾ ಎಂದು ಕರೆದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಕೂತುಬಿಟ್ಟಿದೆ.

"ನಾನು ತೊದಲ್ತೀನಿ ಆಂಟಿ," ಎಂದೆ.

"ಶನಿವಾರ ನಾನು ಡ್ರೈವ್ ಮಾಡಲ್ಲ, ಫೋನ್ ಮುಟ್ಟಲ್ಲ, ಒಲೆ ಹಚ್ಚಲ್ಲ. ನನಗೇನು ಅರ್ಜೆಂಟು?"

ನನ್ನ ಗಂಡನಿಗೆ ತಮಾಷೆ. "ಏನೇ ಇದು, ಶನಿವಾರ ಬಂದ್ರೆ ಪಕ್ಕದ್ಮನೆ! ಲಾಂಡ್ರಿ ಯಾರು ಮಾಡ್ತಾರೆ?"

"ನಿಮ್ಮ ಕೈಗೇನು ಲಕ್ವ ಹೊಡೆದಿದ್ಯಾ?" ಎಂದು ಹೊರಟೆ. ಗಂಡನನ್ನು ಬೈಯುವಾಗ ಮಾತ್ರ ನನ್ನ ನಾಲಿಗೆ ಸಲೀಸು.

ಮೊದಲ ಕೆಲವು ವಾರ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಓದುತ್ತಿದ್ದೆ. ಅವರು ಏನು ಹೇಳಿದರೂ ತಲೆಯಾಡಿಸಿ "ಹೌದು ಆಂಟಿ" ಅನ್ನುತ್ತಿದ್ದೆ. ವಯಸ್ಸಾದವರು, ಅದರ ಮೇಲೆ ದೇವರ ಪುಸ್ತಕ. ಎದುರಾಡುವುದನ್ನು ನಮ್ಮ ಮನೆಯಲ್ಲಿ ಕಲಿಸಿಯೇ ಇರಲಿಲ್ಲ. ಒಂದು ಶನಿವಾರ ಅವರು ಮೇಜು ಕುಟ್ಟಿದರು.

"ಸಾಕು! ಹೂಂಗುಟ್ಟೋಕೆ ನೀನ್ಯಾಕೆ ಬೇಕು, ಆ ಗೋಡೆ ಸಾಲದಾ? ನನ್ನ ಗಂಡ ನಾನು ಹೇಳಿದ್ದನ್ನ ಒಂದು ದಿನಾನೂ ಒಪ್ಕೊಂಡವನಲ್ಲ. ಪ್ರಶ್ನೆ ಕೇಳದೆ ಓದಿದ್ರೆ ಈ ಪುಸ್ತಕಕ್ಕೇ ಅವಮಾನ."

ಅಳು ಬಂತು, ಸಿಟ್ಟೂ ಬಂತು. ಮರ್ಯಾದೆ ಕೊಟ್ಟರೆ ಹೀಗಾ? ಮುಂದಿನ ವಾರ ಹೋಗಬಾರದು ಅಂದುಕೊಂಡೆ. ಆದರೂ ಹೋದೆ.

ಆ ವಾರದ ಭಾಗದಲ್ಲಿ ಒಬ್ಬ ಕುರಿ ಕಾಯುವವನಿದ್ದ. ಬೆಂಕಿ ಹತ್ತಿಯೂ ಬೂದಿಯಾಗದ ಒಂದು ಪೊದೆಯೊಳಗಿಂದ ದೇವರು ಅವನನ್ನು ಕರೆಯುತ್ತಾನೆ. ರಾಜನ ಹತ್ತಿರ ಹೋಗು, ಗುಲಾಮರಾಗಿರುವ ನಿನ್ನ ಜನರನ್ನು ಬಿಡಿಸು ಅನ್ನುತ್ತಾನೆ. ಅವನು ನೆಪದ ಮೇಲೆ ನೆಪ ತೆಗೆಯುತ್ತಾನೆ. ನನ್ನ ನಾಲಿಗೆ ಭಾರ, ಮಾತು ಬರುವುದಿಲ್ಲ, ಬೇರೆ ಯಾರನ್ನಾದರೂ ಕಳಿಸು ಅನ್ನುತ್ತಾನೆ. ದೇವರಿಗೆ ಕೋಪ ಬರುತ್ತದೆ. ಮಾತು ಬಲ್ಲ ಅಣ್ಣನನ್ನು ಜೊತೆಮಾಡಿ ಅವನನ್ನೇ ಕಳಿಸುತ್ತಾನೆ.

ಓದುವುದನ್ನು ನಿಲ್ಲಿಸಿದೆ. ಎಲ್ಲಿತ್ತೋ ಅಷ್ಟು ಸಿಟ್ಟು!

"ಇದು ಅನ್ಯಾಯ ಆಂಟಿ. ಪೊದೆ ಸುಟ್ಟುಹೋಗದ ಹಾಗೆ ನೋಡ್ಕೊಳ್ಳೋಕೆ ಬರುತ್ತೆ, ಒಂದು ನಾಲಿಗೆ ನೆಟ್ಟಗೆ ಮಾಡೋಕೆ ಬರಲ್ವಾ ಈ ದೇವರಿಗೆ? ನಮ್ಮಮ್ಮ ಎಷ್ಟು ಬೇಡ್ಕೊಂಡರು!"

ಇಷ್ಟು ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಆಂಟಿಯ ಮುಖ ಅರಳಿತು.

"ಅಬ್ಬಾ, ಕೊನೆಗೂ ಬಾಯಿ ಬಿಟ್ಟೆ! ಮಾತು ಬಲ್ಲವರು ಬೇಕಾದಷ್ಟು ಜನ ಇದ್ದರು. ದೇವರು ಅವರನ್ನ ಕರೀಲಿಲ್ಲ. ಇವನನ್ನೂ ಸರಿಮಾಡಿ ಕಳಿಸಲಿಲ್ಲ, ಇದ್ದ ಹಾಗೇ ಕಳಿಸಿದ. ಯಾಕೆ ಅಂತ ನನಗೂ ಗೊತ್ತಿಲ್ಲ."

"ಇದು ಉತ್ತರ ಅಲ್ಲ."

"ಅಲ್ಲವೇ ಅಲ್ಲ. ಮುಂದಿನ ವಾರ ಮತ್ತೆ ಜಗಳ ಆಡೋಣ."

ಆಮೇಲಿನ ಶನಿವಾರಗಳೆಲ್ಲ ಜಗಳವೇ. ನಾನು ಮತ ಬಿಡಲಿಲ್ಲ, ಅವರು ಬಿಡು ಅನ್ನಲೂ ಇಲ್ಲ. ಬೆಳಿಗ್ಗೆ ಎದ್ದು ಶಾರದೆಯ ಪಟದ ಮುಂದೆ ದೀಪ ಹಚ್ಚುತ್ತಲೇ ಇದ್ದೆ. ಬೇಡಿಕೆ ಮಾತ್ರ ಬದಲಾಯಿತು. ನಾಲಿಗೆ ಸರಿಮಾಡು ಎಂದು ಕೇಳುವುದನ್ನು ಬಿಟ್ಟೆ. ಈ ನಾಲಿಗೆಯಿಂದ ನಿನಗೆ ಏನಾಗಬೇಕಿದೆ, ಅದನ್ನಾದರೂ ಹೇಳು ಎಂದು ಕೇಳತೊಡಗಿದೆ.

ಹೋದ ಚಳಿಗಾಲದ ಒಂದು ಭಾನುವಾರ ಆಂಟಿ ನಮ್ಮ ಮನೆಗೆ ಬಂದರು. ಕೆಲವು ವಾರಗಳಿಂದ ಹೊಟ್ಟೆನೋವು, ಊಟ ಸೇರುತ್ತಿರಲಿಲ್ಲ. ಸ್ಕ್ಯಾನ್ ಮಾಡಿಸಿ ಅದರ ಸಿಡಿ ಹಿಡಿದುಕೊಂಡು ಬಂದಿದ್ದರು.

"ಡಾಕ್ಟರ್ ಅಪಾಯಿಂಟ್‌ಮೆಂಟ್ ಮಂಗಳವಾರ. ಬಾಸ್ಟನ್‌ನಿಂದ ಮಗಳು ಇವತ್ತೇ ಡ್ರೈವ್ ಮಾಡ್ಕೊಂಡು ಬರ್ತಿದ್ದಾಳೆ. ಅವಳು ಬರೋ ಮೊದಲು ನನಗೆ ಗೊತ್ತಾಗಬೇಕು. ನೋಡಿ ಹೇಳು."

ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಹುಡುಕಬೇಕಾಗಿಯೇ ಇರಲಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ಲಿವರ್ ತುಂಬ ಚುಕ್ಕೆಗಳು. ದಿನಾ ಇಂಥದ್ದನ್ನು ನೋಡಿ, ಟೈಪ್ ಮಾಡಿ, ಕಾಫಿ ಕುಡಿಯಲು ಏಳುವವಳು ನಾನು. ಅವತ್ತು ಕುರ್ಚಿ ಬಿಟ್ಟು ಏಳಲಾಗಲಿಲ್ಲ.

"ಮಂಗಳವಾರ ನಿಮ್ಮ ಡಾಕ್ಟರೇ ಹೇಳ್ತಾರೆ ಆಂಟಿ. ನನಗೆ ಸರಿಯಾಗಿ ಹೇಳೋಕೆ ಬರಲ್ಲ. ಅವರಾದ್ರೆ..."

ಆ ಕುರಿ ಕಾಯುವವನ ಮಾತನ್ನೇ ಆಡುತ್ತಿದ್ದೇನೆ ಎಂದು ನನಗೇ ಹೊಳೆಯಿತು.

ಕುರ್ಚಿ ತಿರುಗಿಸಿ ಅವರ ಕೈ ಹಿಡಿದುಕೊಂಡೆ. ಕ್ಯಾನ್ಸರ್ ಅನ್ನುವ ಪದದ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಎಲ್ಲರೂ ಮಾಡುವ ಹಾಗೆ ಅವರು ನನ್ನ ಪರವಾಗಿ ಆ ಪದವನ್ನು ಮುಗಿಸಲಿಲ್ಲ. ನಾನು ಮುಗಿಸುವ ತನಕ ನನ್ನ ಮುಖವನ್ನೇ ನೋಡುತ್ತಿದ್ದರು. ಲಿವರಿಗೂ ಹರಡಿದೆ ಎಂದೆ. ವಾಸಿಯಾಗುತ್ತಾ ಎಂದು ಕೇಳಿದರು. ನನಗೆ ಕಾಣುವ ಮಟ್ಟಿಗೆ ಇಲ್ಲ ಎಂದೆ. ಇಬ್ಬರೂ ಅತ್ತೆವು. ಇಂಥ ಹೊತ್ತಿನಲ್ಲಿ ಹೀಗನ್ನಿಸಬಾರದು, ಆದರೂ ಅನ್ನಿಸಿತು: ನನ್ನನ್ನು ಹುಟ್ಟಿಸಿದ್ದು ಇದಕ್ಕೇ. ಅಳುತ್ತಲೇ ನನ್ನೊಳಗೆ ಎಷ್ಟೋ ವರ್ಷಗಳ ಕೊರಗು ತಣ್ಣಗಾಯಿತು.

ಹೊರಗೆ ಕಾರು ನಿಂತ ಸದ್ದಾಯಿತು. ಅವರ ಮಗಳು. ಅಮ್ಮ ಮನೆಯಲ್ಲಿಲ್ಲದ್ದು ನೋಡಿ ನಮ್ಮ ಬೆಲ್ ಒತ್ತಿದಳು. ಆಂಟಿ ಏಳಲು ಹೋಗಿ ಹಾಗೇ ಕೂತರು. ಬಾಯಿ ತೆರೆದರು, ಮಾತು ಬರಲಿಲ್ಲ. ದೇವರ ಜೊತೆಗೂ ವಾದಕ್ಕಿಳಿಯುವ ಹೆಂಗಸು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅವಳ ಮುಖ ನೋಡಿ ನನಗೆ ಹೇಳೋಕಾಗಲ್ಲ. ನೀನೇ ಹೇಳು."

ಹೋಗಿ ಬಾಗಿಲು ತೆಗೆದೆ. ಕೋಟಿನ ಮೇಲಿನ ಹಿಮವನ್ನೂ ಕೊಡವದೆ ಅವಳು ನನ್ನ ಕಣ್ಣು ನೋಡಿ ಗಾಬರಿಯಾದಳು.

"ಏನಾಯ್ತು? ಅಮ್ಮ ಎಲ್ಲಿ?"

"ಒ... ಒಳಗಿದ್ದಾರೆ. ಬಾ, ಕೂತ್ಕೋ," ಎಂದೆ. "ನಾನು ಹೇಳೋದು ಸ್ವಲ್ಪ ನಿಧಾನ. ಆದ್ರೆ ಪೂರ್ತಿ ಹೇಳ್ತೀನಿ."