ಮಂಗಳನ ಗಾಳಿ, ಕ್ಲಿಫ್ಟನ್‌ನ ಹೊಟ್ಟೆಕಿಚ್ಚು

ಅಮೆರಿಕದ ಮರುಭೂಮಿಯ ಟೂಸಾನ್ ಊರಿನ ಲೈಬ್ರರಿಯ ಹಿಂಬದಿ ಕೋಣೆಯಲ್ಲಿ ಕ್ಲಿಫ್ಟನ್ ಬರ್ಕ್ ತನ್ನ ಮಂಗಳ ಗ್ರಹದ ಕತೆ ಓದುತ್ತಿದ್ದ. ಬಿರುಗಾಳಿಗೆ ರಾಕೆಟ್ಟು ಉರುಳುವ ಘಟ್ಟ ಬಂದಾಗ, ಕಳೆ ಕಟ್ಟಲೆಂದು ಮನೆಯಿಂದ ತಂದಿದ್ದ ಟೇಬಲ್ ಫ್ಯಾನಿನ ಮುಂದೆ ಮಂಗಳದ ಕೆಂಪು ಧೂಳೆಂದು ಒಂದು ಹಿಡಿ ಮೆಣಸಿನಕಾಯಿ ಪುಡಿ ತೂರಿದ. ವಿಜ್ಞಾನ ಕತೆಗಾರರ ಕೂಟವಿಡೀ ಸೀನಿ ಸೀನಿ ಕಣ್ಣೀರಿಟ್ಟಿತು. ಅವನ ಯಾವ ಕತೆಗೂ ಅಷ್ಟು ಕಣ್ಣೀರು ಹರಿದಿರಲಿಲ್ಲ.

ಓದಿದವರು ತುಟಿ ಬಿಚ್ಚಕೂಡದು, ಉಳಿದವರು ಸರದಿಯಂತೆ ಝಾಡಿಸಬೇಕು ಎಂಬುದು ಕೂಟದ ಕಟ್ಟಳೆ. ಮೊದಲ ಸರದಿ ಕೂಟ ನಡೆಸುವ ಎಡಿತ್‌ಳದು.

“ಕ್ಲಿಫ್, ಅಲ್ಲಿನ ಗಾಳಿ ಎಷ್ಟು ತೆಳು ಅಂತ ಗೊತ್ತಲ್ಲ? ಎಂಥಾ ಬಿರುಗಾಳಿ ಎದ್ರೂ ಬೀಸಣಿಗೇಲಿ ಬೀಸ್ದಂಗಿರತ್ತೆ. ರಾಕೆಟ್ ಹಾಗಿರ್ಲಿ, ನಿನ್ ಟೋಪೀನೂ ಹಾರಲ್ಲ. ವರ್ನಾ ಬರೆದಿದ್ದು ಓದು. ಈ ಸಲ ಕತೆಗಾರರ ಸಮ್ಮೇಳನದಲ್ಲಿ ಮಂಗಳದ ಹವೆ ಬಗ್ಗೆ ಅವಳೇ ಮಾತಾಡ್ಲಿ.”

ಕಟ್ಟಳೆ ಕ್ಲಿಫ್ಟನ್‌ನ ಬಾಯಿಗೆ ಬೀಗ ಹಾಕಿತ್ತು. ಹಲ್ಲಿನ ಡಾಕ್ಟರಾದ ಅವನು ಹಲ್ಲು ಕಚ್ಚಿ ಕೂತ. ಆ ವೇದಿಕೆ ವರ್ಷಗಳಿಂದ ಅವನದು. ಮಂಗಳ ಅವನ ಪಾಲಿನ ಗ್ರಹ, ಈಗ ಗ್ರಹಚಾರ.

ವರ್ನಾ ಲಿಂಡ್‌ಹೋಮ್‌ಗೆ ನಾಯಿಗಳ ಮೈ ತೊಳೆದು ಕೂದಲು ಕತ್ತರಿಸುವ ಅಂಗಡಿಯಿತ್ತು. ಗಂಡ ತೀರಿಕೊಂಡ ಮೇಲೆ, ಮಂಡಿನೋವಿಗೆ ಒಣಹವೆ ಒಳ್ಳೆಯದೆಂದು ಮಿನೆಸೋಟದ ಹಿಮ ಬಿಟ್ಟು ಬಂದವಳು. ಕೂಟಕ್ಕೆ ಬರುವಾಗ ಸ್ವೆಟರಿನ ತುಂಬ ಯಾರದೋ ನಾಯಿಯ ಕೂದಲು, ಕೈಯಲ್ಲಿ ಕಲ್ಲಿನಂಥ ಓಟ್ಸ್ ಬಿಸ್ಕತ್ತು. ಅವಳ ಮೊದಲ ಕತೆಯೇ ಪತ್ರಿಕೆಯಲ್ಲಿ ಬಂದುಬಿಟ್ಟಿತ್ತು. ಅದರಲ್ಲಿ ಗಾಳಿಯ ಆರ್ಭಟವಿಲ್ಲ. ಸದ್ದಿಲ್ಲದೆ ಇಳಿಯುವ ಧೂಳು, ಮಂಕಾಗುವ ಸೂರ್ಯ, ಧೂಳು ಒರೆಸುತ್ತ ಕೂತ ಒಬ್ಬ ಹೆಂಗಸು, ಅಷ್ಟೇ. ಕ್ಲಿಫ್ಟನ್ ಅದನ್ನು ತಪ್ಪು ಹುಡುಕಲೆಂದೇ ಮೂರು ಸಲ ಓದಿದ್ದ. ಮಂಗಳದಲ್ಲಿ ಬೆಂಕಿ ಉರಿಯಲು ಆಮ್ಲಜನಕ ಸಾಲದು. ಹೊಟ್ಟೆಕಿಚ್ಚಿಗೆ ಆ ತಾಪತ್ರಯವಿಲ್ಲ.

ವಿಶ್ವವಿದ್ಯಾಲಯದ ಯಾವನೋ ವಿಜ್ಞಾನಿಯ ನಾಯಿ ಇವಳ ಅಂಗಡಿಗೆ ಬರುತ್ತಿರಬೇಕು, ನಾಯಿಯ ಹಿಂದೆ ವಿಜ್ಞಾನವೂ ಬಂದಿರಬೇಕು ಎಂದು ಅವನ ಗುಮಾನಿ. ಆ ಹೆಸರೊಂದು ಸಿಕ್ಕಿದರೆ ಅವಳದು ಎರವಲು ವಿದ್ಯೆ ಎಂದು ತೋರಿಸಬಹುದು, ವೇದಿಕೆ ಮತ್ತೆ ತನ್ನದೇ. ಕೂಟ ಮುಗಿದದ್ದೇ, ಫ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು ಅವಳ ಕಾರಿನ ಬಳಿ ಹೋದ.

“ವರ್ನಾ, ನಿಜ ಹೇಳ್ಬಿಡು. ಬಿರುಗಾಳಿ ಬೇಡ, ಬರೀ ಧೂಳು ಸಾಕು ಅಂತ ನಿಂಗೆ ಹೇಳಿಕೊಟ್ಟಿದ್ದು ಯಾರು?”

ವರ್ನಾ ಸ್ವೆಟರಿನಿಂದ ಒಂದು ಕೂದಲು ಕಿತ್ತು ಗಾಳಿಗೆ ಬಿಟ್ಟಳು.

“ಯಾರೂ ಇಲ್ಲಪ್ಪ. ನನ್ ಬಿರುಗಾಳೀಲಿ ಎರಡು ರಾಕೆಟ್ ಬಿದ್ದಿದ್ವು. ಪತ್ರಿಕೇಲಿ ಜಾಗ ಸಾಲ್ದು ಅಂತ ಸಂಪಾದಕರು ಅಷ್ಟನ್ನೂ ಕತ್ತರಿಸಿ ಹಾಕಿದ್ರು.”